ಮುಂದಿನ ಎಡ ಚಕ್ರ

ಮಾರ್ಚ್ 3

ಅಕ್ಕಾ,

ಫೋನಿನಲ್ಲೇ ಹೇಳೋಣವೆಂದರೆ ಅದು ನಡುಮನೆಯಲ್ಲಿದೆ, ಅಮ್ಮನ ಕಿವಿ ಅದಕ್ಕಿಂತ ಹತ್ತಿರದಲ್ಲಿದೆ. ಅದಕ್ಕೇ ಕಾಗದ.

ದೊಡ್ಡಪ್ಪನ ಮೈಮೇಲಿನ ಟಾರ್ಪಾಲು ತೆಗೆದೆ. ಹನ್ನೊಂದು ವರ್ಷದ ಧೂಳು. ನಮ್ಮ ಜೀಪಿಗೆ ಆ ಹೆಸರಿಟ್ಟವಳು ನೀನೇ, ನೆನಪಿದೆಯಾ? "ಬೆಳಗ್ಗೆ ಎದ್ದರೆ ಕೆಮ್ಮು, ಕುಡಿಯೋದು ಜಾಸ್ತಿ, ಹಿಂದಿನಿಂದ ಯಾರಾದ್ರೂ ತಳ್ಳಿದ್ರೆ ಮಾತ್ರ ಕೆಲಸಕ್ಕೆ ಹೋಗುತ್ತೆ, ಥೇಟ್ ದೊಡ್ಡಪ್ಪ" ಅಂದಿದ್ದೆ. ಈಗ ಕೆಮ್ಮೂ ಇಲ್ಲ. ಗಾಳಿ ಸೋಸುವ ಡಬ್ಬಿಯೊಳಗೆ ಇಲಿ ಸಂಸಾರ ಹೂಡಿತ್ತು. ಅಪ್ಪನ ಸರ್ವೆ ನಕ್ಷೆಯನ್ನು ಹರಿದು ಹಾಸಿಗೆ ಮಾಡಿಕೊಂಡಿದೆ. ಅಪ್ಪನಿಗೆ ತೋರಿಸಿದೆ. "ನಾನು ಅಳೆದ ಜಮೀನಲ್ಲಿ ಇಲಿಯಾದ್ರೂ ಸುಖವಾಗಿದೆಯಲ್ಲ" ಅಂದರು.

ಹಿಂದಿನ ಎರಡು ಚಕ್ರ ಬಿಚ್ಚಿ ಬ್ರೇಕ್ ನೋಡಿದೆ. ತುಕ್ಕು ಹಿಡಿದು ಕಲ್ಲಾಗಿದೆ, ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೇನೆ. ಮುಂದಿನ ಚಕ್ರಗಳನ್ನು ಆಮೇಲೆ ನೋಡಿಕೊಂಡರಾಯಿತು. ಹಗಲು ಅಂಗಡಿಯಲ್ಲಿ ಹೊಲಿಗೆ ಮಿಷನ್ ರಿಪೇರಿ, ಸಂಜೆ ಇದು. ಸೂಜಿಯಿಂದ ಒಮ್ಮೆಲೇ ಹಾರೆಗೆ ಬಡ್ತಿ.

ಯಾಕೆ ಈ ಉಸಾಬರಿ ಅನ್ನುತ್ತೀಯಾ? ಅಮ್ಮ ಹೇಳಿದಳು. ಗುಡ್ಡದ ಮೇಲಿನ ಆರೋಗ್ಯ ಕೇಂದ್ರವನ್ನು ನಿನ್ನ ಕೈಗೇ ಕೊಡುತ್ತಾರಂತೆ, ಆದರೆ ಡ್ರೈವರ್ ಇಲ್ಲವಂತೆ, ಒಂಬತ್ತು ಹಳ್ಳಿಗೂ ನೀನೇ ಗಾಡಿ ಓಡಿಸಿಕೊಂಡು ಹೋಗಬೇಕಂತೆ. ಈ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕಂತೆ. ನೀನು ಬೇಡ ಅನ್ನುತ್ತೀಯೆಂದು ಅಮ್ಮನಿಗೆ ಖಾತ್ರಿ. ಬೇಡ ಅನ್ನಬೇಡ. ದೊಡ್ಡಪ್ಪನನ್ನು ನಾನು ಎಬ್ಬಿಸಿ ಕೊಡುತ್ತೇನೆ.

ನಿನ್ನ ಮೊಳೆ

*

ಮಾರ್ಚ್ 9

ಮೊಳೆ,

ಒಳ್ಳೆಯವನು ಕಣೋ ನೀನು. ಆದರೆ ಇಲಿಯ ಸಂಸಾರ ಒಕ್ಕಲೆಬ್ಬಿಸಿದ್ದು ದಂಡ. ನಾನು ಬೇಡ ಅಂತಲೇ ಬರೆಯುವವಳಿದ್ದೇನೆ.

ಇಲ್ಲಿ ವಾರ್ಡಿನಲ್ಲಿ ನನಗೊಂದು ಅಡ್ಡಹೆಸರಿದೆ, ನಿನಗೆ ಹೇಳಿರಲಿಲ್ಲ. "ಮೂರು ಸಲ ಸಿಸ್ಟರ್." ಮಾತ್ರೆಯನ್ನು ಮೂರು ಸಲ ಎಣಿಸುತ್ತೇನೆ. ಇಂಜೆಕ್ಷನ್ ಸೀಸೆಯ ಮೇಲಿನ ಹೆಸರನ್ನು ಮೂರು ಸಲ ಓದುತ್ತೇನೆ. ಮನೆಗೆ ಬೀಗ ಹಾಕಿ ಬಸ್ ಸ್ಟಾಪ್ ತನಕ ನಡೆದು ಮತ್ತೆ ವಾಪಸ್ ಬಂದು ಎಳೆದು ನೋಡುತ್ತೇನೆ. ಹೊಸದಾಗಿ ಸೇರಿದ ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡು ನಗುತ್ತಾರೆ. ಒಂದೇ ಒಂದು ಸಲ ಮರೆತಿದ್ದಕ್ಕೆ ನನಗೆ ಏನಾಯಿತು ಅಂತ ಅವರಿಗೇನು ಗೊತ್ತು?

ನೆನಪು ಅನ್ನುವುದು ಎಂಥ ಕಳ್ಳ ನೋಡು. ಆ ಸೋಮವಾರ ಅಮ್ಮನನ್ನು ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೊರಟೆ. ಜೇಡಿಮಣ್ಣಿನ ಏರು ಶುರುವಾಗುವ ಮುಂಚೆ ಗಾಡಿ ನಿಲ್ಲಿಸಿದೆ, ಇಳಿದೆ, ಅಪ್ಪ ಕಲಿಸಿದ ಹಾಗೆ ಮುಂದಿನ ಚಕ್ರಗಳೂ ಗಾಡಿಯನ್ನು ಎಳೆಯಲಿ ಅಂತ ಆ ಒಂದೊಂದು ಚಕ್ರದ ಮಧ್ಯದಲ್ಲಿರುವ ಗುಂಡಿಯನ್ನೂ ಲಾಕ್‌ಗೆ ತಿರುಗಿಸಿದೆ. ಬಿಗಿಯಾಗಿತ್ತು, ನೆಲಕ್ಕೆ ಮೊಣಕಾಲೂರಿ ತಿರುಗಿಸಿದೆ. ಆಮೇಲೆ ಹತ್ತಿ ಕೂತು ನಾಲ್ಕೂ ಚಕ್ರಕ್ಕೆ ಬಲ ಕೊಡುವ ಸಣ್ಣ ಗೇರು ಎಳೆದೆ. ಇದೆಲ್ಲ ಸಿನಿಮಾ ಥರ ಕಣ್ಣಮುಂದೆ ಇದೆ. ಆದರೆ ಅರ್ಧ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿ ಪಕ್ಕದ ಹಳ್ಳಕ್ಕೆ ಉರುಳಿ ಅಮ್ಮನ ಸೊಂಟ ಮುರಿಯಿತಲ್ಲ, ಅಪ್ಪ ಹೋಗಿ ನೋಡಿದರೆ ಎರಡೂ ಗುಂಡಿ ಬಿಟ್ಟೇ ಇದ್ದವಲ್ಲ! ನನ್ನ ಮೊಣಕಾಲಿನಲ್ಲಿ ಕೆಂಪು ಮಣ್ಣಿತ್ತು ಅಂದೆ. ಅಮ್ಮನನ್ನು ಎಳೆದು ತೆಗೆಯುವಾಗ ಆಗಿದ್ದು ಅಂದರು. ಇರಬಹುದು. ಈಗ ನಾನೂ ಹಾಗೇ ಅಂದುಕೊಳ್ಳುತ್ತೇನೆ.

ಮನೆಯಲ್ಲಿ ಯಾರಾದರೂ ಉಪ್ಪು ಹಾಕಲು ಮರೆತರೂ "ಗುಂಡಿ ತಿರುಗಿಸಿದ್ಯಾ?" ಅಂತ ತಮಾಷೆ. ಅಮ್ಮ ಕೋಲೂರಿಕೊಂಡು ಬಂದು "ಹೋಗ್ಲಿ ಬಿಡೇ, ಮರೆವು ಎಲ್ರಿಗೂ ಇದ್ದದ್ದೇ" ಅನ್ನುತ್ತಾಳೆ. ಅದು ಇನ್ನೂ ಚುಚ್ಚುತ್ತದೆ. ಆ ಮನೆಯಲ್ಲಿ ನನಗೆ ಒಂದು ಮಾತೂ ಆಡದವನು ನೀನೊಬ್ಬನೇ. ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ನಿನ್ನ ಅಕ್ಕ

*

ಮಾರ್ಚ್ 13

ಅಕ್ಕಾ,

ಕಾಗದ ಬಂತು. ಓದಿದೆ.

ಬ್ರೇಕ್ ಬಿಟ್ಟುಕೊಂಡಿತು. ಡೀಸೆಲ್ ಟ್ಯಾಂಕ್ ಇಳಿಸಿ ತೊಳೆದೆ, ತಳದಲ್ಲಿ ಗಸಿ ಒಂದು ಬೊಗಸೆ. ರೇಡಿಯೇಟರಿನ ರಬ್ಬರ್ ಕೊಳವೆ ಮುಟ್ಟಿದರೆ ಹಪ್ಪಳದಂತೆ ಮುರಿಯಿತು, ಹೊಸದು ತಂದೆ. ಕ್ಲಚ್ ತಟ್ಟೆ ಅಂಟಿಕೊಂಡಿದೆ, ಅದನ್ನು ಬಿಡಿಸಲು ಎರಡು ದಿನ ಬೇಕು. ಗೇರ್ ಪೆಟ್ಟಿಗೆ ಎಣ್ಣೆ ಬದಲಾಯಿಸಿದೆ. ಸ್ಟೀರಿಂಗಿನ ಕೀಲುಗಳಿಗೆ ಗ್ರೀಸ್ ಹೊಡೆದೆ. ನಿನ್ನ ಸೀಟಿನ ಸ್ಪಂಜನ್ನೂ ಹೊಸದಾಗಿ ಹಾಕಿಸಿದೆ.

ಅಪ್ಪ ದಿನಾ ಸಂಜೆ ಕುರ್ಚಿ ತಂದು ಶೆಡ್ಡಿನ ಬಾಗಿಲಲ್ಲಿ ಕೂರುತ್ತಾರೆ. ನಿನ್ನೆ "ಎಲ್ಲಾ ಬಿಚ್ಚಿದೀಯ, ಮುಂದಿನ ಚಕ್ರ ಯಾಕೋ ಮುಟ್ಟಿಲ್ಲ?" ಅಂದರು. ಸುಮ್ಮನೆ ಕೇಳಿದ್ದು. ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಕಾಲ ಮೇಲೆ ಬಿತ್ತು. ಹೆಬ್ಬೆರಳು ಕಪ್ಪಾಗಿದೆ.

ಬೇಡ ಅಂತ ಬರೆಯುವುದನ್ನು ಸ್ವಲ್ಪ ದಿನ ತಡೆ. ಕೊನೆಯ ದಿನದವರೆಗೂ ಕಾಯಬಹುದಲ್ಲ? ದಯವಿಟ್ಟು.

ಮೊಳೆ

*

ಮಾರ್ಚ್ 17

ಮೊಳೆ,

ಹೆಬ್ಬೆರಳಿಗೆ ಮೊದಲು ತಣ್ಣೀರಿನ ಬಟ್ಟೆ ಸುತ್ತು. ಉಗುರು ಎದ್ದು ಬಂದರೆ ಕಿತ್ತುಹಾಕಬೇಡ, ತಾನಾಗಿ ಬೀಳುತ್ತದೆ.

ನೀನು ಮುಂದಿನ ಚಕ್ರ ಮುಟ್ಟದಿರುವುದು ಯಾಕೆಂದು ನನಗೆ ಗೊತ್ತಾಯಿತು. ನಿನ್ನ ಕಾಗದವಿಡೀ ಎಣ್ಣೆ, ಗ್ರೀಸು, ಸ್ಪಂಜು. ಆ ಗುಂಡಿಗಳ ಸುದ್ದಿ ಒಂದು ಸಾಲಿಲ್ಲ. ನನ್ನ ತಪ್ಪು ನನಗೆ ನೆನಪಾಗಬಾರದು ಅಂತ ನೀನು ಅದರ ಸುತ್ತ ಹೆಜ್ಜೆ ಎತ್ತಿಟ್ಟು ನಡೆಯುತ್ತಿದ್ದೀಯ. ಚಿಕ್ಕವನಿದ್ದಾಗಲೂ ಹಾಗೇ, ನಾನು ಅಳುತ್ತಿದ್ದರೆ ಬಾಗಿಲ ಆಚೆ ಚಪ್ಪಲಿ ತೆಗೆದು ಬರಿಗಾಲಲ್ಲಿ ಓಡಾಡುತ್ತಿದ್ದೆ.

ನನಗೋಸ್ಕರ ಮುಚ್ಚಿಡಬೇಡ ಮಾರಾಯ. ಬಿಚ್ಚು, ತೊಳೆ, ಜೋಡಿಸು. ಗಾಡಿಯನ್ನು ಯಾರಿಗಾದರೂ ಕೊಟ್ಟರೂ ಅದು ಸರಿಯಾಗಿರಲಿ. ಮಾಡಿದ್ದುಣ್ಣೋ ಮಹಾರಾಯ ಅಂತ ನಾನು ಉಂಡು ಮುಗಿಸಿದ್ದೇನೆ.

ನಿನ್ನೆ ವಾರ್ಡಿನಲ್ಲಿ ಒಬ್ಬ ಮುದುಕಪ್ಪ ನೋವಿನಿಂದ ಕೂಗುತ್ತಿದ್ದರು. ಔಷಧಿ ಕೈಯಲ್ಲಿ ಹಿಡಿದುಕೊಂಡು ನಾನು ಮೂರನೇ ಸಲ ಚೀಟಿ ಓದುತ್ತಾ ನಿಂತಿದ್ದೆ. "ತಾಯೀ, ಓದಿದ್ದು ಸಾಕು, ಕೊಡಮ್ಮಾ" ಅಂದರು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಇಂಥವಳು ಒಬ್ಬಳೇ ಗುಡ್ಡದ ಮೇಲೆ ಒಂಬತ್ತು ಹಳ್ಳಿ ನೋಡಿಕೊಳ್ಳುವುದಾ?

ನಿನ್ನ ಅಕ್ಕ

*

ಮಾರ್ಚ್ 20

ಅಕ್ಕಾ,

ಮುಂದಿನ ಚಕ್ರಗಳನ್ನು ಇವತ್ತು ಬಿಚ್ಚಿದೆ. ನೀನು ಕೂತು ಓದು.

ಬಲಗಡೆಯದು ಸರಿಯಾಗಿದೆ. ಎಡಗಡೆಯದರಲ್ಲಿ ಒಂದು ಸ್ಪ್ರಿಂಗ್ ಇಲ್ಲ. ಗುಂಡಿ ತಿರುಗಿಸಿದಾಗ ಒಳಗೆ ಒಂದು ಹಲ್ಲಿನ ಬಳೆ ಜರುಗಿ ಚಕ್ರವನ್ನು ಹಿಡಿಯಬೇಕು. ಅದನ್ನು ತಳ್ಳುವುದೇ ಆ ಸ್ಪ್ರಿಂಗ್. ಅದಿಲ್ಲದಿದ್ದರೆ ಗುಂಡಿ ಏನೋ ಲಾಕ್‌ಗೆ ತಿರುಗುತ್ತದೆ, ಒಳಗೆ ಏನೂ ಹಿಡಿಯುವುದಿಲ್ಲ. ಒಂದು ಬದಿ ಹಿಡಿಯದಿದ್ದರೆ ಇನ್ನೊಂದು ಬದಿಯೂ ದಂಡ, ಮುಂದಿನ ಎರಡು ಚಕ್ರವೂ ಎಳೆಯುವುದಿಲ್ಲ. ಅಂದರೆ ನೀನು ತಿರುಗಿಸಿದ್ದರೂ ಗಾಡಿ ಜಾರುತ್ತಿತ್ತು.

ಅದನ್ನು ಜೋಡಿಸಿದ್ದು ನಾನು. ನೀವು ಹೊರಡುವ ಹಿಂದಿನ ದಿನ ಭಾನುವಾರ ಚಕ್ರ ಕಿರುಗುಡುತ್ತಿತ್ತು ಅಂತ ಗ್ರೀಸ್ ಹಾಕಲು ಬಿಚ್ಚಿದ್ದೆ. "ಮುಂದಿನ ಚಕ್ರಕ್ಕೆ ಕೈ ಹಾಕ್ಬೇಡ" ಅಂತ ಅಪ್ಪ ಹೇಳಿದ್ದರು, ಅವರಿಲ್ಲದಾಗ ಹಾಕಿದೆ. ಎಲ್ಲೋ ಸ್ಪ್ರಿಂಗ್ ತಪ್ಪಿಹೋಗಿರಬೇಕು. ಈಗಷ್ಟೇ ಗೊತ್ತಾಯಿತು. ತಪ್ಪು ನನ್ನದು, ನಿನ್ನದಲ್ಲ. ಕ್ಷಮಿಸು. ಇನ್ನಾದರೂ ಒಪ್ಪಿಗೆ ಬರೆ.

ಮೊಳೆ

*

ಮಾರ್ಚ್ 23

ಮೊಳೆ,

ನಿನ್ನ ಕಾಗದ ಓದಿ ಮೆಟ್ಟಿಲ ಮೇಲೆ ಕೂತು ಅತ್ತೆ. ಸಂತೋಷಕ್ಕೆ. ಹತ್ತು ನಿಮಿಷ ನಾನು ಹನ್ನೊಂದು ವರ್ಷ ಹಿಂದಿನ ಹುಡುಗಿಯಾಗಿದ್ದೆ.

ಆಮೇಲೆ ಎರಡನೇ ಸಲ ಓದಿದೆ. ಮೂರನೇ ಸಲವೂ ಓದಿದೆ, ಹೇಳಬೇಕಾಗಿಲ್ಲವಲ್ಲ.

ಸ್ಪ್ರಿಂಗ್ ಇರಲಿ ಬಿಡಲಿ, ಗುಂಡಿಗಳು ಬಿಟ್ಟೇ ಇದ್ದವಲ್ಲೋ. ಅಪ್ಪ ಕಣ್ಣಾರೆ ನೋಡಿದ್ದು. ಗಾಡಿ ಉರುಳಿದರೆ ಅವು ತಾವಾಗಿ ತಿರುಗುವುದಿಲ್ಲ, ಅಪ್ಪನೇ ಎಷ್ಟೋ ಸಲ ಹೇಳಿದ್ದಾರೆ. ಅಂದರೆ ನಾನು ಇಳಿಯಲೇ ಇಲ್ಲ, ತಿರುಗಿಸಲೇ ಇಲ್ಲ. ನಿನ್ನ ಸ್ಪ್ರಿಂಗ್ ಇದ್ದಿದ್ದರೂ ಅಮ್ಮನ ಸೊಂಟ ಮುರಿಯುತ್ತಿತ್ತು. ನೀನೂ ತಪ್ಪು ಮಾಡಿರಬಹುದು, ಆದರೆ ಅದು ನನ್ನದನ್ನು ಅಳಿಸುವುದಿಲ್ಲ.

ಇನ್ನೊಂದು ಅನುಮಾನ ಬರುತ್ತಿದೆ, ಬೇಜಾರು ಮಾಡಿಕೊಳ್ಳಬೇಡ. ಆ ಸ್ಪ್ರಿಂಗ್ ಕಥೆ ನಿಜವೇನೋ? ನಾನು ಕೆಲಸ ಒಪ್ಪಲಿ ಅಂತ ನೀನೇ ಕಟ್ಟಿದ್ದಲ್ಲವಷ್ಟೇ? ಹಾಗಿದ್ದರೆ ನಿನ್ನ ಒಳ್ಳೆಯತನಕ್ಕೆ ದೊಡ್ಡ ನಮಸ್ಕಾರ. ಆದರೆ ನನ್ನ ಹೊರೆಯನ್ನು ನಿನ್ನ ತಲೆ ಮೇಲೆ ಹೊತ್ತುಕೊಳ್ಳಬೇಡ.

ಬೇಡವೆಂದು ಬರೆದಾಗಿದೆ. ನಾಳೆ ಬೆಳಗ್ಗೆ ಡ್ಯೂಟಿಗೆ ಹೋಗುವಾಗ ಕಚೇರಿಯಲ್ಲಿ ಕೊಟ್ಟುಬಿಡುತ್ತೇನೆ.

ನಿನ್ನ ಅಕ್ಕ

*

ಮಾರ್ಚ್ 26

ಅಕ್ಕಾ,

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತ ಆ ಕಾಗದ ಬರೆದಿದ್ದೆ. ಉಳಿದದ್ದನ್ನು ಈಗ ಬರೆಯುತ್ತೇನೆ. ದಯವಿಟ್ಟು ನನ್ನನ್ನು ಒಳ್ಳೆಯವನು ಅನ್ನಬೇಡ.

ಸ್ಪ್ರಿಂಗ್ ತಪ್ಪಿಹೋಗಲಿಲ್ಲ. ಆ ಸೋಮವಾರ ಬೆಳಗ್ಗೆ ನೀನೂ ಅಮ್ಮನೂ ಹೊರಟು ಅರ್ಧ ಗಂಟೆಯಾದ ಮೇಲೆ, ಸಾಮಾನು ತೊಳೆದಿದ್ದ ಸೀಮೆಎಣ್ಣೆ ಬೋಗುಣಿಯನ್ನು ಚೆಲ್ಲಲು ಹೋದೆ. ತಳದಲ್ಲಿತ್ತು. ಹೊಲಿಗೆ ಮಿಷನ್ ಬಿಚ್ಚಿ ಹೊಟ್ಟೆ ಹೊರೆಯುವವನು ನಾನು. ಮಿಕ್ಕ ಸ್ಪ್ರಿಂಗ್ ಅಂದರೆ ಏನು ಅಂತ ನನಗೆ ಗೊತ್ತಿಲ್ಲದೆ ಇರುತ್ತದಾ? ಆದರೂ "ಇಷ್ಟು ಸಣ್ಣದರಿಂದ ಏನಾಗುತ್ತೆ, ಸಂಜೆ ಹಾಕಿದರಾಯಿತು" ಅಂತ ಜೇಬಿಗೆ ಹಾಕಿಕೊಂಡೆ. ಬೈಕು ಹತ್ತಿ ಬಂದಿದ್ದರೆ ಏರು ಶುರುವಾಗುವ ಮುಂಚೆಯೇ ನಿಮ್ಮನ್ನು ಹಿಡಿಯುತ್ತಿದ್ದೆ.

ಹನ್ನೊಂದು ಗಂಟೆಗೆ ಸುದ್ದಿ ಬಂತು. ಟ್ರ್ಯಾಕ್ಟರಿನವನ ಜೊತೆ ಎಲ್ಲರಿಗಿಂತ ಮೊದಲು ಹೋದವನು ನಾನು. ನೀನು ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಗಾಡಿ ಹಳ್ಳದ ದಂಡೆಗೆ ಒರಗಿ ಮಗ್ಗುಲಿಗೆ ವಾಲಿತ್ತು, ಎರಡೂ ಬದಿಯ ಚಕ್ರ ಕೈಗೆ ಸಿಗುವ ಹಾಗೆ. ಅಕ್ಕಾ, ಎರಡೂ ಗುಂಡಿ ಲಾಕ್‌ನಲ್ಲೇ ಇದ್ದವು. ನೀನು ತಿರುಗಿಸಿದ್ದೆ. ಎರಡನ್ನೂ. ಗುಂಡಿಯ ಮೇಲೆ ಮೆತ್ತಿದ್ದ ಮಣ್ಣಿನಲ್ಲಿ ನಿನ್ನ ಬೆರಳಿನ ಗುರುತೂ ಇತ್ತು.

ನಾನು ಅವನ್ನು ಬಿಡಿಸಿದೆ. ಗಾಡಿ ಎಳೆಯುವ ಮುಂಚೆ ಗುಂಡಿ ಬಿಡಿಸುವುದು ಪದ್ಧತಿಯೇ, ಅಪ್ಪನೇ ಕಲಿಸಿದ್ದು. ಪದ್ಧತಿ ಅಂತಲೇ ನನಗೆ ನಾನು ಹೇಳಿಕೊಂಡೆ. ಆದರೆ ಹಗ್ಗ ಇನ್ನೂ ಟ್ರ್ಯಾಕ್ಟರಿನಿಂದ ಇಳಿಸಿಯೇ ಇರಲಿಲ್ಲ. ಆಮೇಲೆ ಅಪ್ಪ ಬಂದರು. ಬಗ್ಗಿ ನೋಡಿದರು. "ಬಿಟ್ಟೇ ಇದೆಯಲ್ಲೋ! ಇಳಿದೇ ಇಲ್ವಾ ಇವಳು?" ಅಂದರು. ನನ್ನ ಮುಖ ನೋಡಿಕೊಂಡೇ ಕೇಳಿದರು. ನಾನು ಹಗ್ಗ ಬಿಚ್ಚುತ್ತಾ ನಿಂತೆ.

ನಾನು ಸುಳ್ಳು ಹೇಳಲಿಲ್ಲ ಅಂತ ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಮೊದಲ ದಿನ ಅಪ್ಪನ ಭಯ. ಆಮೇಲೆ ಅಮ್ಮನ ಆಪರೇಷನ್, ಈಗ ಹೇಗೆ ಹೇಳುವುದು ಅಂತ. ಒಂದು ತಿಂಗಳಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ ಅಂತ. ವರ್ಷವಾದ ಮೇಲೆ ನೀನೇ ನಂಬಿಬಿಟ್ಟಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು, ಜ್ವರ ಇದ್ದವನು ಪಕ್ಕದಲ್ಲಿ ನಿಂತು ನೋಡಿದೆ. "ಗುಂಡಿ ತಿರುಗಿಸಿದ್ಯಾ?" ತಮಾಷೆ ಮೊದಲು ಮಾಡಿದ್ದು ಚಿಕ್ಕಪ್ಪ. ನಕ್ಕವರಲ್ಲಿ ನಾನೂ ಒಬ್ಬ. ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ನಾನು ನಿನಗೆ ಒಂದು ಮಾತೂ ಆಡದಿದ್ದದ್ದು ಯಾಕೆಂದು ಈಗ ಗೊತ್ತಾಯಿತಲ್ಲ.

ಸ್ಪ್ರಿಂಗನ್ನು ಅಂಗಡಿಯಲ್ಲಿ ಗುಂಡುಸೂಜಿ ಡಬ್ಬಿಯಲ್ಲಿ ಇಟ್ಟಿದ್ದೆ. ಬಿಸಾಕಲು ಧೈರ್ಯ ಬರಲಿಲ್ಲ, ತೋರಿಸಲೂ ಬರಲಿಲ್ಲ. ಈ ಲಕೋಟೆಯಲ್ಲಿ ಹಾಕಿದ್ದೇನೆ. ನಿನ್ನ ಕಾಗದ ಇವತ್ತು ಕೈಗೆ ಬಂತು. ನೀನು ಆ ಬೇಡವೆಂಬ ಪತ್ರವನ್ನು ಇನ್ನೂ ಕಚೇರಿಗೆ ಕೊಟ್ಟಿರಬಾರದು ಅಂತ ಬೇಡಿಕೊಳ್ಳುತ್ತಿದ್ದೇನೆ.

*

ಏಪ್ರಿಲ್ 8

ಅಕ್ಕಾ,

ನಿನ್ನಿಂದ ಕಾಗದ ಬರಲಿಲ್ಲ. ಬರಬೇಕು ಅಂತ ಕೇಳುವ ಮುಖ ನನಗಿಲ್ಲ. ನಡೆದದ್ದನ್ನು ತಿಳಿಸುತ್ತೇನೆ, ಅಷ್ಟೇ.

ಮೊನ್ನೆ ಭಾನುವಾರ ಊಟವಾದ ಮೇಲೆ ಅಪ್ಪ, ಅಮ್ಮ, ಚಿಕ್ಕಪ್ಪ ಮೂವರನ್ನೂ ಕೂರಿಸಿ ಎಲ್ಲ ಹೇಳಿದೆ. ನಿಂತುಕೊಂಡೇ ಹೇಳಿದೆ. ಚಿಕ್ಕಪ್ಪ ಹಲ್ಲು ಕಡ್ಡಿ ಬಾಯಿಂದ ತೆಗೆಯುವುದನ್ನೇ ಮರೆತರು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ಎದ್ದು ಶೆಡ್ಡಿಗೆ ಹೋಗಿ ಎಡ ಚಕ್ರದ ಮುಂದೆ ಕಷ್ಟಪಟ್ಟು ಮೊಣಕಾಲೂರಿ ಕೂತು ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. "ಡ್ರೈವಿಂಗ್ ಕಲಿಸಿದೋನು ನಾನು. ಅವಳು ಇಂಥದ್ದು ಮರೆಯೋಳಲ್ಲ ಅಂತ ನನಗೆ ಗೊತ್ತಿರ್ಬೇಕಿತ್ತು. ಊರೆಲ್ಲಾ ಹೇಳ್ಕೊಂಡು ಬಂದ್ನಲ್ಲೋ" ಅಂದರು. ಏಳಲು ಕೈ ಕೊಟ್ಟೆ. ಹಿಡಿದುಕೊಳ್ಳಲಿಲ್ಲ. ಬಂಪರ್ ಹಿಡಿದುಕೊಂಡು ಎದ್ದರು.

ಸಂಜೆ ಅಮ್ಮ ನನ್ನನ್ನು ಕರೆದಳು. ಸೊಂಟದ ಮಾತೇ ಎತ್ತಲಿಲ್ಲ. "ಅವಳು ಮಾಡದೇ ಇರೋ ತಪ್ಪನ್ನ ಹನ್ನೊಂದು ವರ್ಷ ಕ್ಷಮಿಸ್ತಾ ಬಂದ್ನಲ್ಲೋ. ಎಷ್ಟು ದೊಡ್ಡ ಮನಸ್ಸು ನನ್ದು ಅಂದ್ಕೊಂಡಿದ್ದೆ. ಈಗ ಯಾವ ಬಾಯಲ್ಲಿ ಅವಳ ಹತ್ರ ಮಾತಾಡ್ಲಿ?" ಅಂದಳು. ಫೋನಿನ ಹತ್ತಿರ ಹೋಗುತ್ತಾಳೆ, ಕೂರುತ್ತಾಳೆ, ಎದ್ದು ಬರುತ್ತಾಳೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ನನ್ನದು ಅಡಿಕೆಗಿಂತ ಸಣ್ಣದಕ್ಕೆ ಹೋಯಿತು. ಹೋಗಿದ್ದು ನನ್ನದೊಂದೇ ಆಗಿದ್ದರೆ ಪರವಾಗಿರಲಿಲ್ಲ, ನಿನ್ನದನ್ನೂ ಸೇರಿಸಿ ಕಳೆದೆ.

ಹೊಸ ಸ್ಪ್ರಿಂಗ್ ತಂದು ಹಾಕಿದೆ. ಜೋಡಿಸುವಾಗ ಅಪ್ಪ ಪಕ್ಕದಲ್ಲೇ ಕೂತು ಒಂದೊಂದು ಬೋಲ್ಟನ್ನೂ ಎಣಿಸಿದರು. ನಿನ್ನೆ ಗಾಡಿ ಸ್ಟಾರ್ಟ್ ಆಯಿತು. ಯಾರೂ ಖುಷಿಪಡಲಿಲ್ಲ.

ತಮ್ಮ

*

ಏಪ್ರಿಲ್ 19

ಮೊಳೆ,

ಮಾರ್ಚ್ 24ರ ಬೆಳಗ್ಗೆಯೇ ಕಚೇರಿಗೆ ಕೊಟ್ಟುಬಿಟ್ಟಿದ್ದೆ. ನಿನ್ನ ಕಾಗದ ಬಂದದ್ದು 29ಕ್ಕೆ. ಅವತ್ತೇ ಓಡಿದೆ. ಅಷ್ಟರಲ್ಲಿ ಆ ಜಾಗ ಬೇರೆಯವರಿಗೆ ಹೋಗಿತ್ತು. ಸಾಹೇಬರು "ನೀವೇ ಬೇಡ ಅಂದ್ರಲ್ಲಮ್ಮ" ಅಂದರು. ಹೌದು, ನಾನೇ ಅಂದಿದ್ದೆ. ನಿನ್ನ ಮೊದಲ ಕಾಗದದಲ್ಲೇ ಪೂರ್ತಿ ಬರೆದಿದ್ದರೆ ಅನ್ನುತ್ತಿರಲಿಲ್ಲ. ಇದನ್ನು ನೀನು ತಿಳಿದುಕೊಂಡಿರಬೇಕು ಅಂತ ಬರೆಯುತ್ತಿದ್ದೇನೆ.

ಮೂರು ವಾರ ಯಾಕೆ ಬರೆಯಲಿಲ್ಲವೆಂದರೆ, ಬರೆದದ್ದನ್ನೆಲ್ಲ ಹರಿದು ಹಾಕಿದೆ. ಒಂದರಲ್ಲಿ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದಿದ್ದೆ. ಇನ್ನೊಂದರಲ್ಲಿ ಕ್ಷಮಿಸಿದ್ದೆ. ಎರಡೂ ನಿಜವಾಗಿರಲಿಲ್ಲ. ಮುರಿದದ್ದು ಅಮ್ಮನ ಸೊಂಟ, ಅದಕ್ಕೆ ಡಾಕ್ಟರು ಮೊಳೆ ಹೊಡೆದು ಕೂಡಿಸಿದರು. ನನ್ನ ಕೈಯನ್ನೇ ನಾನು ನಂಬದ ಹಾಗೆ ಮಾಡಿದೆಯಲ್ಲ, ಅದನ್ನು ಕೂಡಿಸುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ಆಗ ನನಗೆ ಇಪ್ಪತ್ತೆಂಟು ವರ್ಷ. ಎಷ್ಟು ಬಾಗಿಲನ್ನು ಎಳೆದು ನೋಡಿದ್ದೇನೆ ಗೊತ್ತಾ?

ನಿನ್ನ ಸ್ಪ್ರಿಂಗ್ ನನ್ನ ಮೇಜಿನ ಮೇಲಿದೆ. ಇದಕ್ಕಾ, ಅನಿಸುತ್ತದೆ.

ಅಮ್ಮನಿಗೆ ನಾನೇ ಫೋನ್ ಮಾಡುತ್ತೇನೆ, ಅವಳು ಎದ್ದು ಕೂತು ಮಾಡಬೇಕಾಗಿಲ್ಲ ಅಂತ ಹೇಳು. ಅವಳ ಮೇಲೆ ನನಗೆ ಕೋಪವಿಲ್ಲ. ಅಪ್ಪನ ಮೇಲೆ ಇದೆ, ಬಂದಾಗ ಅವರಿಗೇ ಹೇಳುತ್ತೇನೆ.

ಮುಂದಿನ ಶನಿವಾರ ಬೆಳಗಿನ ರೈಲಿಗೆ ಬರುತ್ತಿದ್ದೇನೆ. ದೊಡ್ಡಪ್ಪನನ್ನು ಸ್ಟೇಷನ್ನಿಗೆ ತಗೊಂಡು ಬಾ. ಅಲ್ಲಿಂದ ನಾನು ಓಡಿಸುತ್ತೇನೆ. ನೀನು ಅಮ್ಮ ಕೂತಿದ್ದ ಜಾಗದಲ್ಲಿ ಕೂರು. ನೇರ ಮನೆಗೆ ಹೋಗುವುದಿಲ್ಲ, ಆ ಏರಿಗೆ ಹೋಗುತ್ತೇವೆ. ಕೆಳಗೆ ನಿಲ್ಲಿಸುತ್ತೇನೆ. ನಾನು ಇಳಿದು ಎರಡೂ ಗುಂಡಿ ತಿರುಗಿಸುತ್ತೇನೆ. ನೀನು ಇಳಿಯಕೂಡದು. ಸಹಾಯ ಮಾಡಕೂಡದು. ಒಂದು ಮಾತೂ ಆಡಕೂಡದು, ಅದು ನಿನಗೆ ಚೆನ್ನಾಗಿ ಬರುತ್ತದೆ.

ಮತ್ತೆ ತಿರುಗಿ ಹೋಗಿ ನೋಡದೆ ಒಂದೇ ಸಲಕ್ಕೆ ಹತ್ತಿ ಕೂರಲು ನನ್ನಿಂದ ಆಗುತ್ತದೋ ಇಲ್ಲವೋ, ಗೊತ್ತಿಲ್ಲ. ಮೂರು ಸಲ ಇಳಿದರೂ ನೀನು ಸುಮ್ಮನೆ ಕೂತಿರಬೇಕು. ಹತ್ತಿ ಕೂತ ಮೇಲೆ ನನ್ನ ಮೊಣಕಾಲು ನೋಡು. ಮಣ್ಣಿದ್ದರೆ, ಮನೆಗೆ ಹೋದ ಮೇಲೆ ಎಲ್ಲರೆದುರಿಗೆ ಗಟ್ಟಿಯಾಗಿ ಹೇಳು.

ಅಕ್ಕ